ಬೀಗ ಬಿಡಿಸುವ ಹವ್ಯಾಸದ ಉಗಮ: ಹುತ್ರಿದುರ್ಗದ ಬಾಗಿಲುಗಳ ನಿಮಿತ್ತವಾಗಿ ಒಂದು ವಿಚಾರ

ಮುಚ್ಚಿದ ಬಾಗಿಲನ್ನು ಕುರಿತು ಮನುಷ್ಯನಿಗಿರುವ ಕುತೂಹಲ ಬಾಗಿಲಿನಷ್ಟೇ ಹಳೆಯದು. ಆದರೆ ಆ ಕುತೂಹಲ ಎಲ್ಲರಲ್ಲಿಯೂ ಒಂದೇ ರೂಪದಲ್ಲಿ ತೋರುವುದಿಲ್ಲ. ಬಾಗಿಲ ಹಿಂದಿರುವ ಒಡವೆಯನ್ನು ಬಯಸುವವನು ಒಬ್ಬ. ಬಾಗಿಲನ್ನು ಹಿಡಿದಿರುವ ಯಂತ್ರದ ಮರ್ಮವನ್ನು ಬಯಸುವವನು ಮತ್ತೊಬ್ಬ. ಈ ಎರಡನೆಯವನಿಗೆ ಬಾಗಿಲ ಹಿಂದೆ ಏನಿದ್ದರೂ ಸರಿಯೆ, ಏನೂ ಇಲ್ಲದಿದ್ದರೂ ಸರಿಯೆ. ಇಂದು ಲೋಕದ ಅನೇಕ ನಗರಗಳಲ್ಲಿ, ಬೀಗದ ಕೈಯಿಲ್ಲದೆ ಬೀಗವನ್ನು ತೆರೆಯುವುದನ್ನು ಚದುರಂಗದಂತೆ ಬಿಡುವಿನ ವೇಳೆಯ ವಿನೋದವಾಗಿ ಅಭ್ಯಾಸಮಾಡುವ ಜನರಿದ್ದಾರೆ. ಇಂಥವರು ಈ ದಾರಿಗೆ ಮೊದಲು ಬರುವುದು ಹೇಗೆ, ಯಾವ ಸನ್ನಿವೇಶದಲ್ಲಿ ಈ ಹವ್ಯಾಸ ಮೊಳೆಯಿತು, ಕಳ್ಳತನದಿಂದ ಅದು ಬೇರೆಯಾದುದು ಯಾವ ಘಟ್ಟದಲ್ಲಿ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಈ ವಿಚಾರವನ್ನು ನಮ್ಮ ನೆಲದ ಒಂದು ಕೋಟೆಯ ಬಾಗಿಲಿನಿಂದಲೇ ಆರಂಭಿಸುವುದು ಉಚಿತವೆಂದು ತೋರಿ, ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗವನ್ನು ನಿಮಿತ್ತವಾಗಿ ಆರಿಸಿಕೊಂಡಿದೆ.

ಮೊದಲು ಶಬ್ದವನ್ನು ಕುರಿತು ಒಂದು ಮಾತು. ತುಮಕೂರು ಸೀಮೆಯಲ್ಲಿ ಬೀಗ, ಬೀಗದ ಕೈ ಎಂಬ ಮಾತುಗಳು ಬಳಕೆಯಲ್ಲಿದ್ದರೆ, ಉತ್ತರ ಕರ್ನಾಟಕದಲ್ಲಿ ಕೀಲಿ, ಕೀಲಿಕೈ ಎಂಬ ಮಾತುಗಳಿವೆ. ಕೈಯಿಲ್ಲದೆ ತೆರೆಯುವ ಕ್ರಿಯೆಗೆ ಈ ಲೇಖನದಲ್ಲಿ ‘ಬಿಡಿಸುವುದು’ ಎಂಬ ಮಾತನ್ನು ಬಳಸಿದೆ. ಕನ್ನಡಿಗರು ಒಗಟನ್ನು ಬಿಡಿಸುತ್ತಾರೆ, ಗಂಟನ್ನು ಬಿಡಿಸುತ್ತಾರೆ, ಲೆಕ್ಕವನ್ನು ಬಿಡಿಸುತ್ತಾರೆ. ಬಿಡಿಸಿದ ಮೇಲೂ ಒಗಟು ಒಗಟಾಗಿಯೇ ಉಳಿಯುತ್ತದೆ, ಹಗ್ಗ ಹರಿಯುವುದಿಲ್ಲ. ಒಡೆಯುವುದಾದರೋ ಹಾಗಲ್ಲ, ಒಡೆದ ವಸ್ತು ಮತ್ತೆ ಮೊದಲಿನಂತಾಗದು. ಬಿಡಿಸುವುದಕ್ಕೂ ಒಡೆಯುವುದಕ್ಕೂ ಇರುವ ಈ ಭೇದವೇ ಮುಂದಿನ ವಿಚಾರಕ್ಕೆಲ್ಲ ತಳಹದಿ.

ಹುತ್ರಿದುರ್ಗವು ಸುಮಾರು 3700 ಅಡಿ ಎತ್ತರದ ಬಂಡೆಬೆಟ್ಟ. ತಪ್ಪಲಿನಲ್ಲಿ ಸಂತೆಪೇಟೆ ಎಂಬ ಊರೂ, ಮೇಲೆ ಶಂಕರೇಶ್ವರನ ಗುಡಿಯೂ ಇವೆ. ಇಲ್ಲಿಯ ಕೋಟೆಯನ್ನು ಮಾಗಡಿಯ ಕೆಂಪೇಗೌಡನು ಕಟ್ಟಿಸಿದನೆಂದು ಹೇಳುವ ವಾಡಿಕೆಯಿದೆ. ಆ ವಂಶದ ನವದುರ್ಗಗಳಲ್ಲಿ ಇದನ್ನೂ ಜನ ಎಣಿಸುತ್ತಾರೆ. ಒಂದರ ಮೇಲೊಂದರಂತೆ ಏರುವ ಕೋಟೆಯ ಸುತ್ತುಗಳು, ಪ್ರತಿಯೊಂದು ಸುತ್ತಿಗೂ ಕಲ್ಲಿನ ಹೆಬ್ಬಾಗಿಲು, ಇದು ಈ ದುರ್ಗದ ರಚನೆ. ಕೆಳಗಿನಿಂದ ಮೇಲಿನವರೆಗೆ ಏರುವವನು ಒಂದಾದ ಮೇಲೊಂದು ಬಾಗಿಲನ್ನು ದಾಟಲೇಬೇಕು.

ಮೂರನೆಯ ಮೈಸೂರು ಯುದ್ಧದಲ್ಲಿ, ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ಎರಡನೆಯ ಬಾರಿಗೆ ಹೊರಡುವ ಮುನ್ನ, ತನ್ನ ಬೆನ್ನ ಹಿಂದೆ ಉಳಿಯುವ ಗಿರಿದುರ್ಗಗಳನ್ನು ವಶಪಡಿಸಿಕೊಳ್ಳಲು ನಿಶ್ಚಯಿಸಿದನು. 1791ರ ಡಿಸೆಂಬರ್ 21ರಂದು ಸಾವನದುರ್ಗ ಬಿದ್ದಿತು. ಮೂರು ದಿನಗಳ ಬಳಿಕ, ಡಿಸೆಂಬರ್ 24ರಂದು, ಅದೇ ಪಡೆ ಹುತ್ರಿದುರ್ಗವನ್ನು ಮುತ್ತಿ ಒಂದೇ ದಿನದಲ್ಲಿ ಹಿಡಿಯಿತು. ಆ ಯುದ್ಧದಲ್ಲಿ ಸ್ವತಃ ಇದ್ದು 1793ರಲ್ಲಿ ತನ್ನ ವೃತ್ತಾಂತವನ್ನು ಪ್ರಕಟಿಸಿದ ಮೇಜರ್ ಡಿರೋಂ, ಸಿಪಾಯಿಗಳು ಸುತ್ತಿನಿಂದ ಸುತ್ತಿಗೆ ಏರಿದ ಬಗೆಯನ್ನು ವರ್ಣಿಸಿದ್ದಾನೆ. ಕೆಲವು ಬಾಗಿಲುಗಳನ್ನು ಒಡೆದು, ಕೆಲವೆಡೆ ಗೋಡೆಗೆ ಏಣಿಯಿಟ್ಟು ಹತ್ತಿ, ಅವರು ಶಿಖರವನ್ನು ಮುಟ್ಟಿದರು. ಇಲ್ಲಿ ಗಮನಿಸಬೇಕಾದ ಅಂಶ ಇದು: ಬಾಗಿಲನ್ನು ಒಡೆದರು ಅಥವಾ ಗೋಡೆಯನ್ನು ಏರಿದರು, ಬಾಗಿಲನ್ನು ಯಾರೂ ‘ಬಿಡಿಸಲಿಲ್ಲ’. ಬಿಡಿಸುವ ಅವಕಾಶವೇ ಅಲ್ಲಿರಲಿಲ್ಲ.

ಕಾರಣ ಸ್ಪಷ್ಟವಾಗಿದೆ. ನಮ್ಮ ನಾಡಿನ ಕೋಟೆಬಾಗಿಲು ನಿಲ್ಲುತ್ತಿದ್ದುದು ಬೀಗದಿಂದಲ್ಲ, ಅಡ್ಡತೊಲೆಯಿಂದ. ಎರಡು ಕದಗಳನ್ನು ಮುಚ್ಚಿ, ಒಳಗಿನಿಂದ ದಪ್ಪನೆಯ ಮರದ ಅಗುಳಿಯನ್ನು ಅಡ್ಡಲಾಗಿ ಸರಿಸಿ, ಅದರ ತುದಿಗಳನ್ನು ಎರಡು ಪಕ್ಕದ ಕಲ್ಲುಗೂಡುಗಳಲ್ಲಿ ಸೇರಿಸುತ್ತಿದ್ದರು. ಹೊರಗೆ ನಿಂತವನಿಗೆ ಕಾಣುವುದು ಕದದ ಹಲಗೆ ಮತ್ತು ಕಬ್ಬಿಣದ ಮೊಳೆ ಮಾತ್ರ. ಬೆರಳಾಗಲಿ ಕಡ್ಡಿಯಾಗಲಿ ಹೋಗುವಂಥ ರಂಧ್ರವಿಲ್ಲ. ಈ ಏರ್ಪಾಡಿನಲ್ಲಿ ಬಲವಿದೆ, ಗುಟ್ಟಿಲ್ಲ. ಅಗುಳಿ ಹೇಗೆ ನಿಂತಿದೆಯೆಂಬುದನ್ನು ಶತ್ರುವಿಗೆ ಬಿಡಿಸಿ ಹೇಳಿದರೂ ಅವನಿಗೆ ಆಗುವ ಪ್ರಯೋಜನ ಏನೂ ಇಲ್ಲ. ಬೀಗದ ಸ್ವರೂಪ ಇದಕ್ಕೆ ತೀರ ವಿರುದ್ಧವಾದುದು. ಅದರ ಒಡೆಯನು ಹೊರಗಿನಿಂದ ಬಂದು ತೆರೆಯಬೇಕಾಗಿರುವುದರಿಂದ ಅದಕ್ಕೊಂದು ರಂಧ್ರ ಇರಲೇಬೇಕು. ರಂಧ್ರ ಎಲ್ಲರಿಗೂ ಕಾಣುವುದರಿಂದ ಅದರೊಳಗೊಂದು ಗುಟ್ಟು ಇರಲೇಬೇಕು. ಬಲವನ್ನು ಬಲದಿಂದ ಗೆಲ್ಲಬೇಕು. ಗುಟ್ಟನ್ನಾದರೋ ಅರಿವಿನಿಂದ ಗೆಲ್ಲಬಹುದು. ಬಾಗಿಲ ಕಾವಲು ಬಲದಿಂದ ಗುಟ್ಟಿಗೆ ವರ್ಗಾವಣೆಯಾದ ಕಡೆಯಲ್ಲಿ ಮಾತ್ರ ಬೀಗ ಬಿಡಿಸುವ ಹವ್ಯಾಸ ಹುಟ್ಟಲು ಸಾಧ್ಯ ಎಂಬುದು ನಮ್ಮ ಮೊದಲ ನಿರ್ಣಯ.

ಆದರೆ ಗುಟ್ಟನ್ನು ಅರಿಯುವ ವಿದ್ಯೆ ಬಹುಕಾಲ ಕಳ್ಳನ ಕೈಯಲ್ಲಿಯೇ ಉಳಿದಿತ್ತು. ಸಂಸ್ಕೃತ ಸಾಹಿತ್ಯದಲ್ಲಿ ಇದಕ್ಕೆ ಸೊಗಸಾದ ನಿದರ್ಶನಗಳಿವೆ. ದಂಡಿಯ ದಶಕುಮಾರಚರಿತೆಯಲ್ಲಿ ಅಪಹಾರವರ್ಮನು ರಾತ್ರಿ ಹೊರಡುವಾಗ ಒಯ್ಯುವ ಸಲಕರಣೆಗಳ ಪಟ್ಟಿಯೇ ಇದೆ. ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಬರುವ ಶರ್ವಿಲಕನು ಬ್ರಾಹ್ಮಣ. ಅಳತೆಯ ದಾರವನ್ನು ಮರೆತು ಬಂದುದರಿಂದ ಜನಿವಾರವನ್ನೇ ಅಳತೆಗೆ ಬಳಸಿಕೊಳ್ಳುತ್ತಾನೆ. ಯಂತ್ರದಿಂದ ಬಿಗಿದ ಕದವನ್ನು ತೆರೆಯುವುದಕ್ಕೂ ಅದು ಒದಗುವುದೆಂದು ಅದರ ಉಪಯೋಗಗಳನ್ನು ಎಣಿಸುತ್ತಾನೆ. ಗೋಡೆಗೆ ಯಾವ ಆಕಾರದ ಕನ್ನವನ್ನು ಕೊರೆದರೆ ನಾಳೆ ನೋಡುವ ಜನ ಮೆಚ್ಚುವರೆಂದು ಯೋಚಿಸಿ, ಪೂರ್ಣಕುಂಭದ ಆಕಾರವನ್ನು ಆರಿಸುತ್ತಾನೆ. ಮರುದಿನ ಒಡವೆ ಕಳೆದುಕೊಂಡ ಮನೆಯ ಯಜಮಾನನಾದ ಚಾರುದತ್ತನೇ ಆ ಕನ್ನದ ಅಂದವನ್ನು ಕಂಡು ಬೆರಗಾಗುತ್ತಾನೆ. ಈ ಪ್ರಸಂಗವನ್ನು ಬರಿಯ ಹಾಸ್ಯವೆಂದು ಎಣಿಸುವುದು ಸಲ್ಲದು. ಕೌಶಲದ ಮೆಚ್ಚುಗೆಯು ಲಾಭದ ಆಸೆಯಿಂದ ಬೇರೆಯಾದ ವಸ್ತುವೆಂಬುದನ್ನು ಕವಿ ಇಲ್ಲಿ ಕಂಡಿದ್ದಾನೆ. ಕಳೆದುಕೊಂಡವನೂ ಮೆಚ್ಚಬಲ್ಲನಾದರೆ, ಏನನ್ನೂ ಕದಿಯದೆಯೇ ಆ ಕೌಶಲವನ್ನು ಅಭ್ಯಾಸಮಾಡುವವನೊಬ್ಬ ಏಕೆ ಇರಬಾರದು? ಹವ್ಯಾಸದ ಬೀಜ ಈ ಪ್ರಶ್ನೆಯಲ್ಲಿದೆ. ಆದರೆ ಬೀಜ ಮೊಳೆಯಲು ಇನ್ನೊಂದು ಸಂಗತಿ ಬೇಕಾಗಿತ್ತು: ಬೀಗದ ಒಡೆಯನೇ ಅದನ್ನು ಬಯಲಿನಲ್ಲಿಟ್ಟು, ಬಿಡಿಸಿ ನೋಡಿರೆಂದು ಕರೆಯಬೇಕಾಗಿತ್ತು.

ಆ ಕರೆ ಬಂದದ್ದು ಯೂರೋಪಿನಲ್ಲಿ, ಹೆಚ್ಚುಕಡಮೆ ಹುತ್ರಿದುರ್ಗದ ಬಾಗಿಲುಗಳು ಒಡೆದ ಕಾಲದಲ್ಲಿಯೇ ಎಂಬುದು ವಿಚಿತ್ರವಾದರೂ ನಿಜ. ಬೀಗವನ್ನು ವಿನೋದದ ವಸ್ತುವಾಗಿ ಕಂಡವರಲ್ಲಿ ಆ ಕಾಲದ ಪ್ರಸಿದ್ಧ ವ್ಯಕ್ತಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ. 1788ರಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳಿಗೆ ವರ್ಸೇಲ್ಸಿನಲ್ಲಿ ದರ್ಶನವಿತ್ತ ದೊರೆ ಈತನೇ. ಅರಮನೆಯಲ್ಲಿ ಈತನಿಗೊಂದು ಕಮ್ಮಟವಿತ್ತು. ಗಾಮೆಯ್ನ್ ಎಂಬ ಬೀಗಗಾರನಿಂದ ಈತ ಬೀಗಗಳನ್ನು ಮಾಡುವ ಕೆಲಸವನ್ನು ಕಲಿತನು. ಆದರೆ ಇದು ಮಾಡುವ ಹವ್ಯಾಸ, ಬಿಡಿಸುವ ಹವ್ಯಾಸವಲ್ಲ. ಅದೂ ಅರಸನಿಗೆ ಮಾತ್ರ ಎಟಕುವಂಥದು.

ಬಿಡಿಸುವ ಹವ್ಯಾಸಕ್ಕೆ ಬಾಗಿಲು ತೆರೆದವರು ಇಂಗ್ಲೆಂಡಿನ ವರ್ತಕರು. 1778ರಲ್ಲಿ ರಾಬರ್ಟ್ ಬ್ಯಾರನನು ಲಿವರ್ ಬೀಗವನ್ನು ಸುಧಾರಿಸಿದನು. ಅದರೊಳಗಿನ ಲಿವರ್ ತಗ್ಗಾಗಿಯೂ ಏರಬಾರದು, ಅತಿಯಾಗಿಯೂ ಏರಬಾರದು. ಸರಿಯಾದ ಎತ್ತರಕ್ಕೆ ಏರಿದಾಗಲೇ ಬೀಗದ ನಾಲಗೆ ಸರಿಯುತ್ತದೆ. 1784ರಲ್ಲಿ ಜೋಸೆಫ್ ಬ್ರಾಮನು ಇದಕ್ಕಿಂತಲೂ ಸೂಕ್ಷ್ಮವಾದ ಬೇರೊಂದು ಬಗೆಯ ಬೀಗಕ್ಕೆ ಹಕ್ಕುಪತ್ರವನ್ನು ಪಡೆದನು. ಅವನ ಲಂಡನ್ನಿನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವನ್ನು ತೂಗುಹಾಕಿ, ಇದನ್ನು ಬಿಡಿಸುವ ಉಪಕರಣವನ್ನು ಮಾಡಿದವರಿಗೆ 200 ಗಿನಿಗಳ ಬಹುಮಾನವೆಂದು ಫಲಕ ಬರೆಸಿಟ್ಟರು. 1818ರಲ್ಲಿ ಜೆರಿಮಾಯ ಚಬ್ಬನ ಬೀಗ ಬಂದಿತು. ಯಾರಾದರೂ ಕೈಯಿಲ್ಲದೆ ತೆರೆಯಲು ಯತ್ನಿಸಿದರೆ ಅದರೊಳಗಿನ ಒಂದು ಲಿವರ್ ಸಿಕ್ಕಿಕೊಂಡು ಒಡೆಯನಿಗೆ ಸುಳಿವನ್ನು ಕೊಡುತ್ತಿತ್ತು. ಈ ಬೀಗಗಳು ಅಭೇದ್ಯವೆಂದು ಜನ ನಂಬಿದರು. ವರ್ತಕರ ಉದ್ದೇಶ ಜಾಹೀರಾತು ಇರಬಹುದು. ಆದರೆ ಅದರ ಪರಿಣಾಮ ಬೇರೊಂದಾಯಿತು: ಬೀಗವನ್ನು ಬಿಡಿಸುವುದು ಮೊದಲ ಸಲಕ್ಕೆ ಹಗಲು ಹೊತ್ತಿನ, ಸಾಕ್ಷಿಗಳ ಮುಂದಿನ, ಒಡೆಯನ ಒಪ್ಪಿಗೆಯ ಕಾರ್ಯವಾಯಿತು.

ಈ ಸವಾಲಿಗೆ ಉತ್ತರ ದೊರೆತದ್ದು 1851ರಲ್ಲಿ. ಲಂಡನ್ನಿನ ಮಹಾಪ್ರದರ್ಶನಕ್ಕೆ ಅಮೆರಿಕದ ಬೀಗಗಳೊಡನೆ ಬಂದಿದ್ದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬುವನು, ಜುಲೈ 22ರಂದು ಸಾಕ್ಷಿಗಳ ಎದುರಿನಲ್ಲಿ ಚಬ್ಬನ ಬೀಗವನ್ನು 25 ನಿಮಿಷಗಳಲ್ಲಿ ತೆರೆದು, ಮತ್ತೆ ಯಾವ ಊನವೂ ಇಲ್ಲದಂತೆ ಮುಚ್ಚಿದನು. ಬಳಿಕ ಬ್ರಾಮನ ಬೀಗಕ್ಕೆ ಕೈಹಾಕಿ, ಹಲವು ದಿನಗಳಲ್ಲಿ ಹಂಚಿಹೋದ ಒಟ್ಟು 51 ಗಂಟೆಗಳ ಕೆಲಸದಿಂದ ಆಗಸ್ಟಿನಲ್ಲಿ ಅದನ್ನೂ ಗೆದ್ದನು. ಮಧ್ಯಸ್ಥರು 200 ಗಿನಿಗಳನ್ನು ಅವನಿಗೆ ಕೊಡಿಸಿದರು. ಹಾಬ್ಸ್ ಹವ್ಯಾಸಿಯಲ್ಲ, ಬೀಗ ಮಾರುವವನು. ಆದರೂ ಮುಂದಿನ ಹವ್ಯಾಸಿಗಳೆಲ್ಲ ಅನುಸರಿಸಿದ ಮೇಲ್ಪಂಕ್ತಿ ಅವನದು: ಒಪ್ಪಿಗೆ ಪಡೆದು ತೊಡಗುವುದು, ಬೀಗಕ್ಕೆ ಊನ ತಾರದಿರುವುದು, ತಿಳಿದುದನ್ನು ಮುಚ್ಚಿಡದಿರುವುದು.

ಈ ಕೊನೆಯ ಅಂಶವೇ ದೊಡ್ಡ ವಿವಾದಕ್ಕೆ ಕಾರಣವಾಯಿತು. ಬೀಗದ ದೌರ್ಬಲ್ಯವನ್ನು ಬಯಲಿಗೆ ತರುವುದು ಕಳ್ಳರಿಗೆ ಪಾಠ ಹೇಳಿದಂತಲ್ಲವೆ ಎಂದು ಅನೇಕರು ಕೇಳಿದರು. 1853ರಲ್ಲಿ ಚಾರ್ಲ್ಸ್ ಟಾಮ್ಲಿನ್‌ಸನ್ ಸಂಪಾದಿಸಿದ ಬೀಗಗಳ ರಚನೆಯ ಕೈಪಿಡಿಯಲ್ಲಿ ಇದಕ್ಕೆ ಉತ್ತರವಿದೆ. ಕಳ್ಳರು ತಮ್ಮ ಕಸುಬನ್ನು ಆಗಲೇ ಬಲ್ಲರು. ತಿಳಿಯದೆ ಉಳಿದಿರುವವರು ಬೀಗವನ್ನು ನಂಬಿ ಮಲಗುವ ಸಾಮಾನ್ಯರು. ಆದುದರಿಂದ ಸತ್ಯವನ್ನು ಮುಚ್ಚಿಡುವುದರಿಂದ ಹಾನಿ ಸಾಧುಗಳಿಗೇ ಹೊರತು ದುಷ್ಟರಿಗಲ್ಲ ಎಂಬುದು ಆ ವಾದದ ತಾತ್ಪರ್ಯ. ಈ ವಾದಕ್ಕೆ ಒಂದು ಮಿತಿಯೂ ಉಂಟು. ದೋಷವನ್ನು ಪ್ರಕಟಿಸಿದ ದಿನವೇ ಎಲ್ಲರ ಮನೆಯ ಬೀಗಗಳು ಬದಲಾಗುವುದಿಲ್ಲ; ಹೊಸ ಬೀಗವನ್ನು ಕೊಳ್ಳಲಾರದ ಬಡವನು ಹಳೆಯದನ್ನೇ ನಂಬಿಕೊಂಡಿರಬೇಕಾಗುತ್ತದೆ. ಆದರೂ ಒಟ್ಟಿನಲ್ಲಿ ಇತಿಹಾಸವು ಟಾಮ್ಲಿನ್‌ಸನ್ನನ ಪಕ್ಷವನ್ನೇ ಸಮರ್ಥಿಸುತ್ತದೆ ಎನ್ನಬಹುದು. 1851ರ ಸೋಲಿನ ತರುವಾಯ ಬೀಗ ಮಾಡುವವರು ತಮ್ಮ ರಚನೆಗಳನ್ನು ತಿದ್ದಿಕೊಳ್ಳಲು ತೊಡಗಿದರು; ಗೆಲುವಿನ ಭ್ರಮೆಯಲ್ಲಿದ್ದಾಗ ಅವರು ತಿದ್ದಿಕೊಂಡಿರಲಿಲ್ಲ.

ಹವ್ಯಾಸವು ಸಾಮಾನ್ಯರ ಕೈಗೆ ಬರಲು ಅಗ್ಗದ, ಎಲ್ಲೆಡೆಯಲ್ಲಿಯೂ ದೊರೆಯುವ ಬೀಗ ಬೇಕಾಗಿತ್ತು. ಅದನ್ನು ಒದಗಿಸಿದವನು ಅಮೆರಿಕದ ಕಿರಿಯ ಲೈನಸ್ ಯೇಲ್. ಪ್ರಾಚೀನ ಈಜಿಪ್ಟಿನ ಮರದ ಬೀಗದಲ್ಲಿದ್ದ ಬೀಳುಗೂಟದ ತತ್ತ್ವವನ್ನೇ ಲೋಹದಲ್ಲಿ ಸೂಕ್ಷ್ಮವಾಗಿ ಅಳವಡಿಸಿ, 1861 ಮತ್ತು 1865ರಲ್ಲಿ ಅವನು ಹಕ್ಕುಪತ್ರಗಳನ್ನು ಪಡೆದನು. ತಿರುಗುವ ಒಂದು ಉರುಳೆ. ಅದಕ್ಕೆ ಅಡ್ಡ ನಿಂತ ಸಾಲು ಪಿನ್ನುಗಳು, ಒಂದೊಂದೂ ಎರಡು ತುಂಡು. ಸರಿಯಾದ ಕೈ ಹೊಕ್ಕಾಗ ತುಂಡುಗಳ ನಡುವಣ ಸೀಳುಗಳೆಲ್ಲ ಉರುಳೆಯ ಅಂಚಿಗೆ ಸಮನಾಗಿ, ಉರುಳೆ ತಿರುಗುತ್ತದೆ. ಇದರ ದೌರ್ಬಲ್ಯ ಇರುವುದು ತತ್ತ್ವದಲ್ಲಲ್ಲ, ಮನುಷ್ಯನ ಕೆಲಸದಲ್ಲಿ. ಪಿನ್ನುಗಳ ರಂಧ್ರಗಳನ್ನು ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ಒಂದೇ ಗೆರೆಯಲ್ಲಿ ಕೊರೆಯುವುದು ಸಾಧ್ಯವಿಲ್ಲ. ಆದುದರಿಂದ ಉರುಳೆಯನ್ನು ಮೆಲ್ಲನೆ ತಿರುವಿ ಹಿಡಿದಾಗ ಎಲ್ಲ ಪಿನ್ನುಗಳೂ ಒಮ್ಮೆಗೇ ಬಿಗಿಯಾಗುವುದಿಲ್ಲ. ಒಂದು ಮೊದಲು, ಅದು ಕುಳಿತ ಮೇಲೆ ಇನ್ನೊಂದು, ಹೀಗೆ ಸರದಿಯಲ್ಲಿ ಬಿಗಿಯಾಗುತ್ತವೆ. ಒಂದೊಂದನ್ನೇ ಎತ್ತಿ ಕೂರಿಸಿದರೆ ಗುಟ್ಟು ತಾನಾಗಿ ಬಿಡುತ್ತದೆ. ಕಣ್ಣಿಗೆ ಏನೂ ಕಾಣದೆ, ಬೆರಳ ತುದಿಗೆ ಬರುವ ಅತಿ ಸಣ್ಣ ಸುಳಿವನ್ನೇ ಓದಬೇಕಾಗಿರುವುದರಿಂದ, ಇದರಲ್ಲಿ ಪಳಗಲು ಬಲಕ್ಕಿಂತ ತಾಳ್ಮೆ ಬೇಕು. ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಹೆಚ್ಚು ಒತ್ತುವುದು. ಒತ್ತಿದಷ್ಟೂ ಬೀಗ ಬಿಗಿಯುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಜನ ಈ ಹವ್ಯಾಸಕ್ಕೆ ಬಂದ ದಾರಿಯನ್ನು ಎರಡು ನಿದರ್ಶನಗಳಿಂದ ತಿಳಿಯಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾಸ್ ಅಲಮೋಸಿನ ಪರಮಾಣು ಸಂಶೋಧನಾಲಯದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್ಮನ್, ಸಂಗಡಿಗನೊಬ್ಬನಿಂದ ಯೇಲ್ ಬೀಗ ಬಿಡಿಸುವುದನ್ನು ಕಂಡು ಕಲಿತು, ಮುಂದೆ ಅಲ್ಲಿಯ ರಹಸ್ಯ ಕಪಾಟುಗಳ ಅಂಕಿಬೀಗಗಳ ದೋಷವನ್ನೂ ಕಂಡುಹಿಡಿದನು. ಕಪಾಟುಗಳನ್ನು ತೆರೆದಿಟ್ಟು ಕೆಲಸಮಾಡುವುದು ಅಪಾಯಕರವೆಂದು ಅವನು ಎಚ್ಚರಿಸಿದಾಗ, ಅಧಿಕಾರಿಗಳು ಆ ಅಭ್ಯಾಸವನ್ನು ತಿದ್ದುವ ಬದಲು ಫೈನ್ಮನ್ನನನ್ನೇ ಅಪಾಯವೆಂದು ಭಾವಿಸಿದರೆಂದು ಅವನ ಆತ್ಮಕಥನದಲ್ಲಿದೆ. ಎರಡನೆಯ ನಿದರ್ಶನ ಮಸಾಚುಸೆಟ್ಸಿನ ತಂತ್ರವಿದ್ಯಾ ಸಂಸ್ಥೆಯದು. ಅಲ್ಲಿಯ ವಿದ್ಯಾರ್ಥಿಗಳ ಬಳಗದಲ್ಲಿ ಬೆಳೆದ ಬೀಗ ಬಿಡಿಸುವ ತಿಳಿವಳಿಕೆ 1991ರಲ್ಲಿ ಒಂದು ಕಿರುಹೊತ್ತಗೆಯಾಗಿ ಹೊರಬಂದು ದೇಶದೇಶಗಳಲ್ಲಿ ಹರಡಿತು. 1997ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಈ ಹವ್ಯಾಸಿಗಳ ಸಂಘವೊಂದು ಸ್ಥಾಪಿತವಾಯಿತು. ಬಳಿಕ ನೆದರ್ಲೆಂಡ್ಸ್ ಮೊದಲಾದ ಕಡೆಗಳಲ್ಲಿಯೂ ಇಂಥ ಸಂಘಗಳು ಎದ್ದು, ಸ್ಪರ್ಧೆಗಳು ನಡೆದವು. ಈ ಬಳಗಗಳಲ್ಲಿ ಹೊಸಬನಿಗೆ ಮೊದಲು ಹೇಳಿಕೊಡುವುದು ಉಪಕರಣವನ್ನಲ್ಲ, ಎರಡು ಕಟ್ಟಳೆಗಳನ್ನು: ನಿನ್ನದಲ್ಲದ ಬೀಗವನ್ನು ಒಡೆಯನ ಒಪ್ಪಿಗೆಯಿಲ್ಲದೆ ಮುಟ್ಟಬೇಡ, ನಿನ್ನದೇ ಆದರೂ ಬಳಕೆಯಲ್ಲಿರುವ ಬೀಗವನ್ನು ಮುಟ್ಟಬೇಡ.

ನಮ್ಮ ದೇಶದಲ್ಲಿ ಬೀಗ ಮಾಡುವ ಕಸುಬಿಗೆ ಕೊರತೆಯಿಲ್ಲ. ಉತ್ತರದಲ್ಲಿ ಅಲಿಗಢವೂ ದಕ್ಷಿಣದಲ್ಲಿ ದಿಂಡಿಗಲ್ಲೂ ಹೆಸರಾದ ಬೀಗದ ಊರುಗಳು. ದಿಂಡಿಗಲ್ಲು ಒಮ್ಮೆ ಹೈದರನ ಅಧಿಕಾರದ ಮೊದಲ ಮೆಟ್ಟಿಲಾಗಿದ್ದು, ಹುತ್ರಿದುರ್ಗ ಬಿದ್ದ ಯುದ್ಧದ ಕೊನೆಯಲ್ಲಿ, 1792ರ ಒಪ್ಪಂದದಿಂದ ಇಂಗ್ಲಿಷರಿಗೆ ಸೇರಿತು. ಅಲ್ಲಿಯ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಮುಂಬಯಿಯಲ್ಲಿ ವಕೀಲಿಯನ್ನು ಬಿಟ್ಟ ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಬೀಗದ ಉದ್ಯಮವನ್ನು ಆರಂಭಿಸಿದರು. ಆದರೆ ಮಾಡುವವರಿರುವಂತೆ, ವಿನೋದಕ್ಕಾಗಿ ಬಿಡಿಸಿ ಅಭ್ಯಾಸಮಾಡುವವರ ಪರಂಪರೆ ನಮ್ಮಲ್ಲಿ ಬೆಳೆಯಲಿಲ್ಲ. ಬೀಗದ ಮರ್ಮವನ್ನು ಬಲ್ಲವನನ್ನು ನಮ್ಮ ಸಮಾಜ ಸಂಶಯದಿಂದಲೇ ನೋಡುತ್ತ ಬಂದಿದೆ. ಕಾನೂನು ಈ ವಿಷಯದಲ್ಲಿ ಸಮಾಜಕ್ಕಿಂತ ವಿವೇಚನೆಯುಳ್ಳದ್ದು. 1860ರ ಭಾರತೀಯ ದಂಡಸಂಹಿತೆಯ 445ನೆಯ ಕಲಮು ಕನ್ನಗಳವನ್ನು ವಿವರಿಸುವಾಗ, ಬೀಗವನ್ನು ತೆರೆಯುವುದನ್ನು ತಾನಾಗಿಯೇ ಅದರಲ್ಲಿ ಸೇರಿಸಲಿಲ್ಲ. ಗೃಹಾತಿಕ್ರಮಣವನ್ನು ಎಸಗುವ ಸಲುವಾಗಿ ತೆರೆಯುವುದನ್ನು ಸೇರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ವಿವರಣೆಯ ತಿರುಳು ಉಳಿದಿದೆ. ಶರ್ವಿಲಕನ ಕೌಶಲವನ್ನು ಅವನ ಉದ್ದೇಶದಿಂದ ಬೇರ್ಪಡಿಸಿ ನೋಡಿದ ಕವಿಯ ದೃಷ್ಟಿಗೂ ಈ ದೃಷ್ಟಿಗೂ ಸಾಮ್ಯವಿದೆ. ಆದರೂ ಉದ್ದೇಶವು ಕಣ್ಣಿಗೆ ಕಾಣುವ ವಸ್ತುವಲ್ಲವಾದುದರಿಂದ, ಹವ್ಯಾಸಿಯು ತನ್ನ ಅಭ್ಯಾಸವನ್ನು ಬಯಲಿನಲ್ಲಿ, ತನ್ನದೇ ವಸ್ತುವಿನ ಮೇಲೆ, ನಾಲ್ವರು ಬಲ್ಲಂತೆ ನಡೆಸುವುದು ಶ್ರೇಯಸ್ಕರ.

ಇಷ್ಟು ವಿಚಾರದಿಂದ ಸಿದ್ಧವಾಗುವ ನಿರ್ಣಯಗಳನ್ನು ಸಂಗ್ರಹಿಸಬಹುದು. ಈ ಹವ್ಯಾಸ ಮೊಳೆಯಲು ಮೂರು ಸಂಗತಿಗಳು ಕೂಡಬೇಕಾಯಿತು: ಬಾಗಿಲ ಕಾವಲು ಬಲದಿಂದ ಗುಟ್ಟಿಗೆ ಬಂದುದು ಒಂದು, ಆ ಗುಟ್ಟನ್ನು ಒಡೆಯನೇ ಬಯಲಿನಲ್ಲಿ ಸವಾಲಾಗಿ ಇಟ್ಟುದು ಎರಡು, ಬಿಡಿಸುವವನು ಲಾಭವನ್ನು ಬಿಟ್ಟು ಕಟ್ಟಳೆಯನ್ನು ಒಪ್ಪಿದುದು ಮೂರು. ವ್ಯಕ್ತಿಯೊಬ್ಬನು ಇದರಲ್ಲಿ ತೊಡಗುವ ಬಗೆಯೂ ಇದೇ ಕ್ರಮದಲ್ಲಿದೆ. ಮೊದಲು ಬೀಗದೊಳಗೆ ಏನೋ ಇದೆಯೆಂಬ ಅರಿವು, ಆಮೇಲೆ ಬಲ್ಲವನೊಬ್ಬನು ಕಣ್ಣೆದುರಿಗೆ ಬಿಡಿಸಿ ತೋರಿಸುವುದು, ಕೊನೆಗೆ ತನ್ನದೇ ಒಂದು ಹಳೆಯ ಬೀಗದೊಡನೆ ಕುಳಿತು ಪಡುವ ದೀರ್ಘವಾದ ಪಾಡು.

ಇತಿಹಾಸದ ವಿದ್ಯಾರ್ಥಿಗೆ ಇದರಿಂದ ಒದಗುವ ಕೆಲಸವೂ ಒಂದುಂಟು. ಕುಣಿಗಲ್, ಗುಬ್ಬಿ, ತುಮಕೂರುಗಳ ಹಳೆಯ ಮನೆಗಳಲ್ಲಿ, ಕಣಜಗಳಲ್ಲಿ, ಗುಡಿಗಳಲ್ಲಿ ಕಮ್ಮಾರರು ಮಾಡಿದ ಬೀಗಗಳು ಇನ್ನೂ ಅಲ್ಲಲ್ಲಿ ಉಳಿದಿರುತ್ತವೆ. ಕೈ ಕಳೆದುಹೋದ ಬೀಗವನ್ನು ಒಡೆದು ತೆಗೆದು, ತೂಕಕ್ಕೆ ಗುಜರಿಗೆ ಹಾಕುವುದು ವಾಡಿಕೆ. ಒಡೆದ ಬೀಗದಿಂದ ಅದನ್ನು ಮಾಡಿದವನ ಬುದ್ಧಿಯನ್ನು ಅರಿಯಲಾಗದು; ಬಿಡಿಸಿದ ಬೀಗದಿಂದ ಅರಿಯಬಹುದು. ಹುತ್ರಿದುರ್ಗವನ್ನು ಹತ್ತುವ ವಿದ್ಯಾರ್ಥಿಗಳು ಪ್ರತಿಯೊಂದು ಹೆಬ್ಬಾಗಿಲಿನಲ್ಲಿಯೂ ಕದ ತಿರುಗುತ್ತಿದ್ದ ಕುಳಿಯನ್ನೂ ಅಗುಳಿ ಸೇರುತ್ತಿದ್ದ ಗೂಡನ್ನೂ ಹುಡುಕಿ ಅಳೆದು ಬರೆದುಕೊಳ್ಳಲಿ. ಊರಿಗೆ ಹಿಂದಿರುಗಿ, ಮನೆಯವರ ಒಪ್ಪಿಗೆ ಪಡೆದು, ಮೂಲೆಯಲ್ಲಿ ಬಿದ್ದಿರುವ ಬೀಗಗಳ ಚಿತ್ರವನ್ನೂ ಅವುಗಳ ಭಾಗಗಳಿಗೆ ಊರಿನಲ್ಲಿರುವ ಹೆಸರುಗಳನ್ನೂ ಸಂಗ್ರಹಿಸಲಿ. ಗುಜರಿಯ ತಕ್ಕಡಿಗೆ ಹೋಗುವ ಮುನ್ನ ಈ ಕೆಲಸ ನಡೆಯಬೇಕಾಗಿದೆ.